ನೋಡಿದಷ್ಟೂ ಸವೆಯುತ್ತಿದ್ದ ಮದುವೆಗಳು

ಹಳೆಯ ವಿಡಿಯೊ ಕ್ಯಾಸೆಟ್ ಮೇಲೆ ಈಗ ಎಲ್ಲರಿಗೂ ಪ್ರೀತಿ ಉಕ್ಕಿ ಬರುತ್ತಿದೆ. ಫೋನಿನಲ್ಲಿ ತೆಗೆದ ಚೆಂದದ ವಿಡಿಯೊಗೆ ಬೇಕಂತಲೇ ಗೆರೆ, ಚುಕ್ಕೆ, ಅಲುಗಾಟ ಸೇರಿಸುವ ಆ್ಯಪ್‌ಗಳಿವೆ. ಅಕ್ಕನ ಮಗ ಹಾಗೆ ಮಾಡಿದ ಒಂದು ವಿಡಿಯೊ ತೋರಿಸಿ, "ಮಾಮ, ಥೇಟ್ ನಿಮ್ಮ ಕಾಲದ ತರಹ ಇದೆ ಅಲ್ವಾ?" ಅಂದ. ಇದೆ, ನಿಜ. ಆದರೆ ಅದೇ ಗೆರೆಗಳನ್ನು ಹೋಗಿಸುವುದಕ್ಕೆ ನಮ್ಮ ಚಿಕ್ಕಪ್ಪ ಎಷ್ಟು ಬಾಟಲಿ ಸ್ಪಿರಿಟ್ ಖಾಲಿ ಮಾಡಿದ್ದಾರೆ ಅನ್ನುವುದು ಆ ಹುಡುಗನಿಗೆ ಗೊತ್ತಿಲ್ಲ.

ಚಿಕ್ಕಪ್ಪನಿಗೆ ತುಮಕೂರಿನ ಹೊರಪೇಟೆಯಲ್ಲಿ ವಿಡಿಯೊ ಅಂಗಡಿ ಇತ್ತು. ಮುಂದೆ ಕ್ಯಾಸೆಟ್ ಲೈಬ್ರರಿ. ಹಿಂದಿನ ಸಣ್ಣ ಕೋಣೆಯಲ್ಲಿ ರಿಪೇರಿ. ಲಗ್ನದ ತಿಂಗಳುಗಳಲ್ಲಿ ಮದುವೆ ಶೂಟಿಂಗ್. ಗುಬ್ಬಿ, ಕುಣಿಗಲ್, ಶಿರಾ ಕಡೆಯಿಂದ ಜನ ಬಂದು ಟಿವಿ, ಕ್ಯಾಸೆಟ್ ಓಡಿಸುವ ವಿಸಿಪಿ, ಜೊತೆಗೆ ಮೂರು ಸಿನಿಮಾ ಒಂದು ರಾತ್ರಿಗೆ ಬಾಡಿಗೆಗೆ ಒಯ್ಯುತ್ತಿದ್ದರು. ಗಣೇಶನ ಹಬ್ಬ ಬಂತೆಂದರೆ ಅಂಗಡಿಯಲ್ಲಿ ಒಂದು ಮೆಷಿನ್ನೂ ಉಳಿಯುತ್ತಿರಲಿಲ್ಲ. ಕಾಲೇಜು ಮುಗಿಸಿಕೊಂಡು ಸಂಜೆ ನಾನು ಕೌಂಟರಿನಲ್ಲಿ ಕೂರುತ್ತಿದ್ದೆ. ಸಂಬಳ ಏನಿಲ್ಲ. ಬೇಕಾದ ಸಿನಿಮಾ ನೋಡಬಹುದಿತ್ತು, ಅಷ್ಟೇ. ಟೇಪಿನ ಕಾಲ, ಡಿಸ್ಕಿನ ಕಾಲ ಎರಡನ್ನೂ ಅದೇ ಸ್ಟೂಲಿನ ಮೇಲೆ ಕೂತು ನೋಡಿದ್ದೇನೆ. ಹಾಗಾಗಿ ಕ್ಯಾಸೆಟ್ ನೆನೆಸಿಕೊಂಡು ಕಣ್ಣೀರು ಹಾಕುವವರ ಜೊತೆ ನಾನು ಸೇರುವುದಿಲ್ಲ.

ಡಿವಿಡಿ ಬಂದಾಗ ಅಂಗಡಿಗೆ ಬಂದವರೆಲ್ಲ ಹೇಳಿದ್ದು ಒಂದೇ ಮಾತು. ಚಿತ್ರ ಎಷ್ಟು ಕ್ಲಿಯರ್ ಆಗಿದೆ ಅಂತ. ಸುಳ್ಳಲ್ಲ. ವಿಎಚ್‌ಎಸ್ ಅನ್ನುವ ಬಗೆಯ ನಮ್ಮ ಕ್ಯಾಸೆಟ್ಟುಗಳ ಟೇಪಿನಲ್ಲಿ ಪರದೆಯ ಅಡ್ಡಕ್ಕೆ ಸುಮಾರು 240 ಗೆರೆಯಷ್ಟು ವಿವರ ಸಿಗುತ್ತಿತ್ತು. ಡಿವಿಡಿಯಲ್ಲಿ ಅದರ ಎರಡರಷ್ಟು. ಆದರೆ ನನಗೆ ಅದು ಎರಡನೇ ಲಾಭ. ಮೊದಲನೆಯದು ಬೇರೆ. ಟೇಪನ್ನು ನೋಡಿದರೆ ಅದು ಸವೆಯುತ್ತಿತ್ತು. ಡಿಸ್ಕನ್ನು ನೋಡಿದರೆ ಸವೆಯುವುದಿಲ್ಲ. ಮನೆಯ ವಿಡಿಯೊ ಅಂದರೆ ಮತ್ತೆ ಮತ್ತೆ ನೋಡುವುದಕ್ಕೇ ಇರುವುದು. ಅಂಥದ್ದಕ್ಕೆ ಇದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೇನಿದೆ?

ಸವೆಯುವುದು ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೆಷಿನ್ನಿನ ಮುಚ್ಚಳ ತೆಗೆದು ನೋಡದವರಿಗೆ ಇದು ಅಂದಾಜಾಗುವುದಿಲ್ಲ.

ವಿಎಚ್‌ಎಸ್ ಅನ್ನು ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಕ್ಯಾಸೆಟ್ಟಿನ ಒಳಗಿರುವುದು ಅರ್ಧ ಇಂಚು ಅಗಲದ ಪ್ಲಾಸ್ಟಿಕ್ ಪಟ್ಟಿ. ಕಬ್ಬಿಣದ ಆಕ್ಸೈಡಿನ ಸಣ್ಣ ಕಣಗಳನ್ನು ಅಂಟಿನಲ್ಲಿ ಕಲಸಿ ಅದರ ಮೇಲೆ ಬಳಿದಿರುತ್ತಾರೆ. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಈ ಪಟ್ಟಿ 250 ಮೀಟರಿಗಿಂತ ಉದ್ದ. ಹಾಡಿನ ಕ್ಯಾಸೆಟ್ಟಿನಲ್ಲಿ ಟೇಪು ಹೆಡ್ಡಿನ, ಅಂದರೆ ಅದನ್ನು ಓದುವ ಭಾಗದ ಮುಂದೆ ಸುಮ್ನೆ ಹಾದುಹೋದರೆ ಸಾಕು. ಚಿತ್ರಕ್ಕೆ ಅದು ಸಾಲದು. ಹೆಡ್ಡು ಮತ್ತು ಟೇಪು ಒಂದಕ್ಕೊಂದು ಸೆಕೆಂಡಿಗೆ ಐದು ಮೀಟರಿನ ಹತ್ತಿರದ ವೇಗದಲ್ಲಿ ಉಜ್ಜಬೇಕು. ಅಷ್ಟು ಜೋರಾಗಿ ಟೇಪನ್ನೇ ಓಡಿಸಿದರೆ ಇಡೀ ಕ್ಯಾಸೆಟ್ ಒಂದು ನಿಮಿಷದೊಳಗೆ ಮುಗಿದುಹೋಗುತ್ತದೆ. ಅದಕ್ಕೆ ಟೇಪನ್ನು ಬಿಟ್ಟು ಹೆಡ್ಡನ್ನು ತಿರುಗಿಸುವ ಉಪಾಯ ಮಾಡಿದರು.

62 ಮಿಲಿಮೀಟರ್ ಅಗಲದ ಒಂದು ಡ್ರಮ್ಮು. ಅದು ಸ್ವಲ್ಪ ಓರೆಯಾಗಿ ಕೂತಿರುತ್ತದೆ. ಅದರಲ್ಲಿ ಎದುರುಬದುರಾಗಿ ಎರಡು ಹೆಡ್ಡು. ನಮ್ಮ ದೇಶದ ಟಿವಿಯ ಪಾಲ್ ಪದ್ಧತಿಯಲ್ಲಿ ಈ ಡ್ರಮ್ಮು ಸೆಕೆಂಡಿಗೆ 25 ಸುತ್ತು ತಿರುಗುತ್ತದೆ. ಕ್ಯಾಸೆಟ್ ಒಳಗೆ ಹೋದ ಕೂಡಲೇ ಎರಡು ಕಂಬಿಗಳು ಬಂದು ಟೇಪನ್ನು ಹೊರಗೆಳೆದು ಡ್ರಮ್ಮಿನ ಸುತ್ತ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸುತ್ತುತ್ತವೆ. ಟೇಪು ಸೆಕೆಂಡಿಗೆ ಎರಡೂಕಾಲು ಸೆಂಟಿಮೀಟರಿನಷ್ಟು ನಿಧಾನವಾಗಿ ಸಾಗುತ್ತದೆ. ಹೆಡ್ಡುಗಳು ಅದರ ಮೇಲೆ ಓರೆಗೆರೆ ಎಳೆಯುತ್ತಾ ಓದುತ್ತವೆ. ಎಂಜಿನಿಯರುಗಳ ಬುದ್ಧಿಗೆ ಕೈ ಮುಗಿಯಬೇಕು. ಅಷ್ಟು ಅಗ್ಗದ ಯಂತ್ರದಲ್ಲಿ ಅಷ್ಟು ನಾಜೂಕಿನ ಕೆಲಸ! ಆದರೆ ಮುಟ್ಟದೆ ಓದುವ ದಾರಿ ಅದರಲ್ಲಿ ಇಲ್ಲ. ಒಂದು ಸಲ ನೋಡಿದರೆ ಒಂದು ಸಲ ಉಜ್ಜಿದ ಹಾಗೆ. ಉಜ್ಜಿದಾಗ ಉದುರಿದ ಪುಡಿ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಪರದೆ ತುಂಬ ಬಿಳಿ ಚುಕ್ಕೆ. ಆಗ ಗಿರಾಕಿ ಮೆಷಿನ್ ಹೊತ್ತುಕೊಂಡು ಅಂಗಡಿಗೆ ಬರುತ್ತಾನೆ, ಚಿಕ್ಕಪ್ಪ ಸ್ಪಿರಿಟ್ ಹಾಕಿ ಹೆಡ್ಡು ಒರೆಸುತ್ತಾರೆ.

ಪಾಜ್ ಬಟನ್ನಿನದು ಇನ್ನೂ ದೊಡ್ಡ ಕತೆ. ಚಿತ್ರ ನಿಲ್ಲಿಸಿದಾಗ ಟೇಪು ನಿಲ್ಲುತ್ತದೆ, ಡ್ರಮ್ಮು ನಿಲ್ಲುವುದಿಲ್ಲ. ಎರಡೂ ಹೆಡ್ಡು ಅದೇ ಜಾಗವನ್ನು ಉಜ್ಜುತ್ತಲೇ ಇರುತ್ತವೆ. ಐದು ನಿಮಿಷ ನಿಲ್ಲಿಸಿದರೆ ಡ್ರಮ್ಮು 7,500 ಸುತ್ತು ತಿರುಗುತ್ತದೆ. ಎರಡು ಹೆಡ್ಡು ಲೆಕ್ಕ ಹಾಕಿದರೆ ಒಂದೇ ಜಾಗದ ಮೇಲೆ 15,000 ಸಲ ಉಜ್ಜಾಟ. ಅದಕ್ಕೇ, ಓಡಿಸುವುದರ ಜೊತೆ ರೆಕಾರ್ಡೂ ಮಾಡುವ ಎಷ್ಟೋ ವಿಸಿಆರ್‌ಗಳು ಐದು ನಿಮಿಷ ಆದ ಕೂಡಲೇ ತಾವಾಗಿಯೇ ಸ್ಟಾಪ್ ಆಗುತ್ತಿದ್ದವು. ಜನ ಅದನ್ನು ಮೆಷಿನ್ನಿನ ದೋಷ ಅಂದುಕೊಂಡು ಬೈಯುತ್ತಿದ್ದರು. ಪಾಪ, ಅದು ಕ್ಯಾಸೆಟ್ಟನ್ನು ಉಳಿಸುವುದಕ್ಕೆ ನೋಡುತ್ತಿತ್ತು.

ಹೀಗೆ ಉಜ್ಜಿದ್ದರ ಗುರುತು ಲೈಬ್ರರಿಯ ಕ್ಯಾಸೆಟ್ಟುಗಳಲ್ಲಿ ಚೆನ್ನಾಗಿ ಕಾಣುತ್ತಿತ್ತು. ಹೊಸ ಸಿನಿಮಾ ಬಂದು ಒಂದೆರಡು ತಿಂಗಳು ಮನೆಮನೆ ತಿರುಗಿ ಬಂದ ಮೇಲೆ ಹಾಕಿ ನೋಡಿದರೆ, ಮಾತಿನ ದೃಶ್ಯಗಳೆಲ್ಲ ನೆಟ್ಟಗಿರುತ್ತಿದ್ದವು. ಹಾಡು ಬಂದ ಕೂಡಲೇ ಗೆರೆ ಶುರು. ಫೈಟಿಂಗಿಗೂ ಹಾಗೇ. ರವಿಚಂದ್ರನ್ ಸಿನಿಮಾಗಳಲ್ಲಂತೂ ಹಾಡುಗಳೆಲ್ಲ ಮಳೆಯಲ್ಲೇ ತೆಗೆದಂತೆ ಕಾಣುತ್ತಿದ್ದವು. ಅಣ್ಣಾವ್ರ ಹಳೆಯ ಪೌರಾಣಿಕ ಚಿತ್ರ ಆದರೆ ದೊಡ್ಡ ಡೈಲಾಗ್ ಇರುವ ಜಾಗ ಸವೆದಿರುತ್ತಿತ್ತು. ನಾನೂ ಚಿಕ್ಕಪ್ಪನೂ ಬೇಜಾರಾದಾಗ ಇದನ್ನೇ ಆಟ ಮಾಡಿಕೊಂಡಿದ್ದೆವು. ಗೆರೆ ಬಂದ ಜಾಗ ನೋಡಿ, ಜನಕ್ಕೆ ಯಾವುದು ಹಿಡಿಸಿದೆ ಅಂತ ಹೇಳುವ ಆಟ. ಪೇಪರಿನ ವಿಮರ್ಶೆಗಿಂತ ಅದು ಸರಿಯಾಗಿರುತ್ತಿತ್ತು ಅನ್ನುವುದು ಚಿಕ್ಕಪ್ಪನ ಅಭಿಪ್ರಾಯ. ಸಿನಿಮಾ ಆದರೆ ಪರವಾಗಿಲ್ಲ, ಇನ್ನೊಂದು ಕ್ಯಾಸೆಟ್ ತರಬಹುದು. ಮದುವೆಯದು ತರುವುದು ಎಲ್ಲಿಂದ?

ನಮ್ಮ ದೊಡ್ಡಮ್ಮನ ಮಗಳ ಮದುವೆ ತಿಪಟೂರಿನಲ್ಲಿ ಆಯಿತು. ಶೂಟಿಂಗ್ ಚಿಕ್ಕಪ್ಪನದೇ. ಹೆಗಲ ಮೇಲೆ ದೊಡ್ಡ ಕ್ಯಾಮೆರಾ, ಹಿಂದೆ ಲೈಟು ಹಿಡಿದ ಹುಡುಗ, ಆ ಲೈಟಿನ ಕಾವಿಗೆ ಬೆವರು ಒರೆಸಿಕೊಳ್ಳುತ್ತಾ ಕೂತ ಪುರೋಹಿತರು. ಮದುವೆಯಾಗಿ ಕೆಲವು ವರ್ಷಕ್ಕೆ ದೊಡ್ಡಪ್ಪ ಹೋದರು. ಆಮೇಲೆ ದೊಡ್ಡಮ್ಮ ತುಮಕೂರಿಗೆ ಬಂದಾಗಲೆಲ್ಲ ಆ ಕ್ಯಾಸೆಟ್ ಹಾಕಿಸುತ್ತಿದ್ದರು. ಅವರಿಗೆ ಬೇಕಾಗಿದ್ದು ಧಾರೆಯಲ್ಲ, ಆರತಕ್ಷತೆಯೂ ಅಲ್ಲ. ಊಟದ ಪಂಕ್ತಿಯಲ್ಲಿ ದೊಡ್ಡಪ್ಪ ತುಪ್ಪದ ಗಿಂಡಿ ಹಿಡಿದು ಬರುತ್ತಾರೆ. ಯಾರನ್ನೋ "ಇನ್ನೊಂದು ಸ್ವಲ್ಪ ಹಾಕಿಸಿಕೊಳ್ಳಿ" ಅಂತ ಒತ್ತಾಯ ಮಾಡುತ್ತಾರೆ. ಕ್ಯಾಮೆರಾ ಕಂಡ ಕೂಡಲೇ ನಾಚಿಕೊಂಡು ಪಕ್ಕಕ್ಕೆ ಸರಿಯುತ್ತಾರೆ. ಅಷ್ಟೇ.

"ಅಲ್ಲೇ ನಿಲ್ಸಪ್ಪಾ" ಅನ್ನುತ್ತಿದ್ದರು ದೊಡ್ಡಮ್ಮ.

"ಜಾಸ್ತಿ ಹೊತ್ತು ನಿಲ್ಸಬಾರ್ದು ಅತ್ತಿಗೆ, ಟೇಪು ಹಾಳಾಗ್ತದೆ" ಅನ್ನುತ್ತಿದ್ದರು ಚಿಕ್ಕಪ್ಪ. ಹಾಗೆ ಹೇಳಿದರೂ ನಿಲ್ಲಿಸುತ್ತಿದ್ದರು. ಇನ್ನೇನು ಮಾಡುತ್ತಾರೆ?

ಬರ್ತಾ ಬರ್ತಾ ಆ ಜಾಗದಲ್ಲಿ ಪರದೆಯ ಕೆಳಗೆ ಒಂದು ಬಿಳಿ ಪಟ್ಟೆ ಬಂತು. ಆಮೇಲೆ ದೊಡ್ಡಪ್ಪನ ಮುಖದ ಮೇಲೇ ಚುಕ್ಕೆ. ಮೂರು ಗಂಟೆಯ ಆ ಕ್ಯಾಸೆಟ್ಟಿನಲ್ಲಿ ಯಾರೂ ನೋಡದ ಭಾಗಗಳೆಲ್ಲ ಹೊಸದರಂತೆ ಇದ್ದವು. ಉಡುಗೊರೆ ಕೊಡಲು ನಿಂತ ಸಾಲು, ಛತ್ರದ ಬಾಗಿಲಿನ ಬಣ್ಣದ ಬಲ್ಬು, ಓಲಗದವರು, ಎಲ್ಲವೂ. ಗಂಧದ ಕಲ್ಲು ತೇಯ್ದ ಜಾಗದಲ್ಲೇ ತಗ್ಗಾಗುತ್ತದಲ್ಲ, ಹಾಗೆ ಇಷ್ಟಪಟ್ಟ ಜಾಗ ಮಾತ್ರ ಸವೆದಿತ್ತು. ಟೇಪಿನ ಮೇಲೆ ನನಗಿರುವ ಕೋಪ ಇದೇ. ಉಳಿದ ದೋಷಗಳಿಗೆಲ್ಲ ಒಂದಲ್ಲ ಒಂದು ಮದ್ದಿತ್ತು. ಇದಕ್ಕೆ ಇರಲಿಲ್ಲ.

ಉಳಿದ ದೋಷಗಳೇನು ಕಮ್ಮಿಯೇ? ಕರೆಂಟು ಹೋಗುವುದನ್ನೇ ನೋಡಿ. ನಮ್ಮ ಜಿಲ್ಲೆಯಲ್ಲಿ ಲೋಡ್ ಶೆಡ್ಡಿಂಗ್ ಜೋರಾಗಿದ್ದ ದಿನಗಳವು. ಸಿನಿಮಾ ನಡೆಯುವಾಗ ಕರೆಂಟು ಹೋದರೆ ಟೇಪು ಡ್ರಮ್ಮಿನ ಸುತ್ತ ಹಾಗೇ ಸಿಕ್ಕಿಕೊಂಡಿರುತ್ತದೆ. ಕ್ಯಾಸೆಟ್ ಹೊರಗೆ ಬರುವುದಿಲ್ಲ. ಬೆಳಗ್ಗೆ ಆರಕ್ಕೆ ಮೆಷಿನ್ ವಾಪಸ್ ಕೊಡಬೇಕಾದವರು ಟಾರ್ಚ್ ಹಿಡಿದುಕೊಂಡು ಸ್ಕ್ರೂಡ್ರೈವರ್ ಹಾಕಿ ಎಳೆಯುತ್ತಿದ್ದರು. ಟೇಪು ಮಡಚಿಕೊಳ್ಳುತ್ತಿತ್ತು. ಒಂದು ಕಡೆಯ ಅಂಚು ಮಡಚಿದರೆ ದನಿ ಕೆಡುತ್ತದೆ. ಏಕೆಂದರೆ ಮಾತಿನ ಸಿಗ್ನಲ್ ಟೇಪಿನ ಮೇಲಂಚಿನಲ್ಲಿದೆ. ಕೆಳಗಿನ ಅಂಚಿನಲ್ಲಿ ಚಿತ್ರಕ್ಕೆ ತಾಳ ಹಾಕಿಕೊಡುವ ಕಂಟ್ರೋಲ್ ಟ್ರ್ಯಾಕ್ ಇದೆ. ಅದು ಕೆಟ್ಟರೆ ಚಿತ್ರ ಕುಣಿಯುತ್ತದೆ. ಡಿಸ್ಕ್ ಓಡುವಾಗ ಕರೆಂಟು ಹೋದರೆ ಡಿಸ್ಕ್ ಸುಮ್ನೆ ತಿರುಗಿ ತಿರುಗಿ ನಿಲ್ಲುತ್ತದೆ. ಕರೆಂಟು ಬಂದ ಮೇಲೆ ತೆಗೆದುಕೊಂಡರಾಯಿತು.

ಮಳೆಗಾಲದಲ್ಲಿ ಬೂಷ್ಟು. ಕಬ್ಬಿಣದ ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಜೋಪಾನವಾಗಿಟ್ಟ ಕ್ಯಾಸೆಟ್ಟಿಗೇ ಬೂಷ್ಟು ಜಾಸ್ತಿ ಬರುತ್ತಿತ್ತು. ಗಾಳಿ ಆಡುವುದಿಲ್ಲವಲ್ಲ. ಅದನ್ನು ಹಾಗೇ ಮೆಷಿನ್ನಿಗೆ ಹಾಕಿದರೆ ಹೆಡ್ಡಿಗೆ ಹತ್ತಿ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತಿತ್ತು. ಇನ್ನು ದೊಡ್ಡ ಸ್ಪೀಕರಿನ ಮೇಲೆ ಕ್ಯಾಸೆಟ್ ಇಡುವವರು. ಸ್ಪೀಕರಿನ ಒಳಗೆ ಅಯಸ್ಕಾಂತ ಇರುತ್ತದೆ, ಟೇಪಿನಲ್ಲಿರುವುದನ್ನು ಅದು ಕೆಡಿಸುತ್ತದೆ ಅಂದರೆ ನಂಬುತ್ತಲೇ ಇರಲಿಲ್ಲ. ಮದುವೆ ಕ್ಯಾಸೆಟ್ಟಿನ ಮೇಲೆ ಕ್ರಿಕೆಟ್ ಮ್ಯಾಚ್ ರೆಕಾರ್ಡ್ ಮಾಡಿಕೊಂಡ ಮನೆಗಳೂ ನಮಗೆ ಗೊತ್ತು. ಹಾಗಾಗಬಾರದು ಅಂತಲೇ ಕ್ಯಾಸೆಟ್ಟಿನ ಬೆನ್ನಿನಲ್ಲಿ ಮುರಿಯುವುದಕ್ಕೆ ಒಂದು ಸಣ್ಣ ಪ್ಲಾಸ್ಟಿಕ್ ಚೂರು ಇರುತ್ತಿತ್ತು. ಅದನ್ನು ಮುರಿದರೆ ರೆಕಾರ್ಡ್ ಆಗದು. ಜನ ಅಲ್ಲಿಗೆ ಸೆಲ್ಲೋಟೇಪು ಅಂಟಿಸಿ ಮತ್ತೆ ರೆಕಾರ್ಡ್ ಮಾಡುತ್ತಿದ್ದರು!

ಕಾಪಿಯ ವಿಷಯಕ್ಕೆ ಬರೋಣ. ಮದುವೆ ಅಂದ ಮೇಲೆ ಎರಡು ಮನೆ. ಹೆಣ್ಣಿನ ಕಡೆಗೊಂದು, ಗಂಡಿನ ಕಡೆಗೊಂದು ಕ್ಯಾಸೆಟ್ ಬೇಕು. ಆಮೇಲೆ ಸೋದರಮಾವನಿಗೆ, ಆಮೇಲೆ ಬೆಂಗಳೂರಿನ ಅತ್ತೆಗೆ. ಎರಡು ವಿಸಿಆರ್ ಜೋಡಿಸಿ ಒಂದರಲ್ಲಿ ಓಡಿಸಿ ಇನ್ನೊಂದರಲ್ಲಿ ರೆಕಾರ್ಡ್ ಮಾಡಬೇಕು. ಮೂರು ಗಂಟೆಯ ಮದುವೆಗೆ ಮೂರು ಗಂಟೆ. ಆ ಹೊತ್ತು ಕಳೆದರೂ ಚಿಂತೆ ಇಲ್ಲ. ಆದರೆ ಪ್ರತಿ ಕಾಪಿಯಲ್ಲೂ ಚಿತ್ರ ಒಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು. ಟೇಪಿನ ಮೇಲೆ ಇರುವುದು ಏರಿಳಿಯುವ ಸಿಗ್ನಲ್. ಅದರ ಜೊತೆ ಗದ್ದಲವೂ ಸೇರಿಕೊಂಡಿರುತ್ತದೆ. ಕಾಪಿ ಮಾಡುವಾಗ ಹಳೆಯ ಗದ್ದಲದ ಮೇಲೆ ಹೊಸ ಗದ್ದಲ ಕೂರುತ್ತದೆ. ವಿಎಚ್‌ಎಸ್‌ನಲ್ಲಿ ಬಣ್ಣಕ್ಕೆ ಕೊಟ್ಟಿರುವ ಜಾಗ ಕಪ್ಪುಬಿಳುಪಿನ ವಿವರಕ್ಕೆ ಕೊಟ್ಟಿದ್ದಕ್ಕಿಂತ ತೀರಾ ಕಡಿಮೆ. ಹಾಗಾಗಿ ಮೊದಲು ಹಾಳಾಗುವುದು ಬಣ್ಣ, ಅದರಲ್ಲೂ ಕೆಂಪು. ನಮ್ಮ ಮದುವೆಗಳಲ್ಲಿ ಕೆಂಪು ಬಿಟ್ಟರೆ ಏನಿದೆ? ಕಾಪಿಯ ಕಾಪಿಯಲ್ಲಿ ಮದುಮಗಳ ಸೀರೆಯ ಕೆಂಪು ಅಂಚು ದಾಟಿ ಪಕ್ಕದಲ್ಲಿ ಕೂತ ಗಂಡಿನ ಪಂಚೆಗೂ ಹರಿದಿರುತ್ತಿತ್ತು. ಯಾರ ಪಾಲಿಗೆ ಎಷ್ಟನೇ ಕಾಪಿ ಬರುತ್ತದೆ ಅನ್ನುವುದು ನೆಂಟಸ್ತನದ ವಿಷಯ. ಹತ್ತಿರದವರಿಗೆ ಒಳ್ಳೆಯ ಚಿತ್ರ, ದೂರದವರಿಗೆ ಮಂಕು ಚಿತ್ರ. ಇದಕ್ಕೆ ಮುನಿಸಿಕೊಂಡವರೂ ಇದ್ದಾರೆ.

ಅಮೆರಿಕಕ್ಕೆ ಕಳಿಸಿದ ಕ್ಯಾಸೆಟ್ ಅಲ್ಲಿ ಓಡುತ್ತಲೇ ಇರಲಿಲ್ಲ. ನಮ್ಮದು ಸೆಕೆಂಡಿಗೆ 25 ಚಿತ್ರದ ಪಾಲ್, ಅವರದು 30ರ ಎನ್‌ಟಿಎಸ್‌ಸಿ. ಬೆಂಗಳೂರಿಗೆ ಹೋಗಿ ಬದಲಾಯಿಸಿಕೊಂಡು ಬರಬೇಕಿತ್ತು. ಡಿವಿಡಿಯಲ್ಲೂ ಈ ಭೇದ ಇತ್ತು. ಆದರೆ ಅಲ್ಲಿನ ಮಗ ಕಂಪ್ಯೂಟರಿಗೆ ಹಾಕಿದರೆ ಎರಡೂ ಓಡುತ್ತಿದ್ದವು. ಪೋಸ್ಟಿನ ಖರ್ಚೂ ಕಡಿಮೆ. ಡಿಸ್ಕ್ ಹದಿನೈದು ಹದಿನಾರು ಗ್ರಾಂ ತೂಕ.

ಡಿಸ್ಕ್ ಒಂದೇ ಸಲಕ್ಕೆ ಬರಲಿಲ್ಲ. ಮೊದಲು 1978ರಲ್ಲಿ ಅಮೆರಿಕದಲ್ಲಿ ಲೇಸರ್ ಡಿಸ್ಕ್ ಬಂತು. 30 ಸೆಂಟಿಮೀಟರ್ ಅಗಲ, ಚಿತ್ರ ಟೇಪಿಗಿಂತ ಎಷ್ಟೋ ಚೆನ್ನಾಗಿತ್ತು, ಆದರೆ ಮನೆಯಲ್ಲಿ ರೆಕಾರ್ಡ್ ಮಾಡುವ ಹಾಗಿರಲಿಲ್ಲ. ನಮ್ಮ ಕಡೆಯ ಜನ ಅದನ್ನು ಕಣ್ಣಿನಿಂದಲೂ ನೋಡಲಿಲ್ಲ. 1982ರಲ್ಲಿ ಹಾಡಿಗೆ ಸಿಡಿ ಬಂತು. ಅದೇ ಅಳತೆಯ ಡಿಸ್ಕಿಗೆ ಚಿತ್ರ ತುಂಬಿಸಿ 1993ರಲ್ಲಿ ವಿಸಿಡಿ ಮಾಡಿದರು. ತುಮಕೂರಿಗೆ ನಿಜವಾಗಿ ಬಂದ ಡಿಸ್ಕ್ ಇದೇ.

ವಿಸಿಡಿಯ ಚಿತ್ರ ಟೇಪಿಗಿಂತ ಚೆನ್ನಾಗಿತ್ತು ಅಂತ ನಾನು ಹೇಳಲಾರೆ. ಪಾಲ್‌ನಲ್ಲಿ ಅಡ್ಡ 352, ಉದ್ದ 288 ಚುಕ್ಕಿ, ಅಷ್ಟೇ. ಫೈಟಿಂಗ್ ಬಂದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು. ಒಂದು ಡಿಸ್ಕಿಗೆ 74 ನಿಮಿಷ. ಎರಡೂವರೆ ಗಂಟೆಯ ಕನ್ನಡ ಸಿನಿಮಾಗೆ ಎರಡು ಡಿಸ್ಕ್ ಸಾಲದೆ ಮೂರನೆಯದು ಬೇಕಾಗುತ್ತಿತ್ತು. ಆದರೂ ಜನ ಕ್ಯಾಸೆಟ್ ಬಿಟ್ಟು ಅದನ್ನೇ ಕೇಳಿದರು. ರಿವೈಂಡ್ ಇಲ್ಲ, ಹೆಡ್ ಕ್ಲೀನಿಂಗ್ ಇಲ್ಲ, ಪ್ಲೇಯರ್ ಅಗ್ಗ. ಚಿತ್ರದ ಗುಣವೇ ಮುಖ್ಯ ಆಗಿದ್ದರೆ ವಿಸಿಡಿ ನಮ್ಮಲ್ಲಿ ಅಷ್ಟು ಓಡುತ್ತಿರಲಿಲ್ಲ. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಡಿವಿಡಿ ಜಪಾನಿನಲ್ಲಿ 1996ರ ನವೆಂಬರಿನಲ್ಲಿ ಹೊರಬಂತು. ಅಳತೆ ಅದೇ 12 ಸೆಂಟಿಮೀಟರ್. ಆದರೆ ಸಿಡಿಯ ಲೇಸರಿನ ಅಲೆ 780 ನ್ಯಾನೊಮೀಟರ್ ಇದ್ದರೆ ಇದರದು 650. ಅಲೆ ಗಿಡ್ಡವಾದಷ್ಟೂ ಬೆಳಕಿನ ಮೊನೆ ಚೂಪು. ಡಿಸ್ಕಿನಲ್ಲಿ ಮಾಹಿತಿ ಸುರುಳಿ ಸಾಲಿನ ಗುಳಿಗಳಾಗಿ ಕೂತಿರುತ್ತದೆ, ಮೊನೆ ಚೂಪಾದಷ್ಟೂ ಸಣ್ಣ ಗುಳಿಗಳನ್ನು ಓದಬಹುದು. ಸುರುಳಿಯ ಸಾಲುಗಳ ನಡುವಿನ ಅಂತರ 1.6 ಮೈಕ್ರಾನಿನಿಂದ 0.74ಕ್ಕೆ ಇಳಿಯಿತು. ಹಾಗಾಗಿ 4.7 ಜಿಬಿ ಹಿಡಿಯಿತು. ಇಡೀ ಸಿನಿಮಾ ಒಂದೇ ಡಿಸ್ಕಿನಲ್ಲಿ ಬಂತು, ಚಿತ್ರ 720ಕ್ಕೆ 576 ಚುಕ್ಕಿ. 2007ರಲ್ಲಿ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರತೊಡಗಿತು. ಕೊಳ್ಳುವುದೇ ಅಷ್ಟು ಅಗ್ಗವಾದ ಮೇಲೆ ಬಾಡಿಗೆಗೆ ಯಾರು ಬರುತ್ತಾರೆ? ಚಿಕ್ಕಪ್ಪನ ಲೈಬ್ರರಿ ಅಲ್ಲಿಗೆ ಮುಗಿಯಿತು. ಅವರು ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ. "ಬಿಡು, ಸ್ಪಿರಿಟ್ ದುಡ್ಡು ಉಳೀತು" ಅಂದರು. ಆ ಕಂಪನಿಯೂ ಉಳಿಯಲಿಲ್ಲ ಅನ್ನಿ. 2018ರಲ್ಲಿ ಅದನ್ನು ಮುಚ್ಚಿ ಆಸ್ತಿ ಮಾರುವ ಆದೇಶ ಆಯಿತು.

ಡಿಸ್ಕ್ ಯಾಕೆ ಸವೆಯುವುದಿಲ್ಲ ಅಂದರೆ ಅದನ್ನು ಓದುವುದು ಬೆಳಕು. ಲೆನ್ಸ್ ಡಿಸ್ಕಿಗೆ ತಾಗುವುದೇ ಇಲ್ಲ. ಗುಳಿಗಳು ಇರುವುದೂ ಹೊರಮೈಯಲ್ಲಲ್ಲ. ಡಿವಿಡಿ ಅಂದರೆ 0.6 ಮಿಲಿಮೀಟರ್ ದಪ್ಪದ ಎರಡು ಬಿಲ್ಲೆಗಳನ್ನು ಅಂಟಿಸಿದ್ದು, ಮಾಹಿತಿ ಅವೆರಡರ ನಡುವೆ ಇರುತ್ತದೆ. ಸಿಡಿ, ವಿಸಿಡಿಗಳಲ್ಲಿ ಮಾತ್ರ ಅದು ಲೇಬಲ್ಲಿನ ಕೆಳಗೇ ಇದೆ, ತೆಳ್ಳಗಿನ ಲ್ಯಾಕರಿನಡಿ. ಜನ ಹೊಳೆಯುವ ಭಾಗ ಕೆಳಗಾದರೆ ಗೀರಾಗುತ್ತದೆ ಅಂತ ಹೆದರಿ ಲೇಬಲ್ ಭಾಗ ಕೆಳಗೆ ಮಾಡಿ ಮೇಜಿನ ಮೇಲೆ ಇಡುತ್ತಿದ್ದರು. ಸಿಡಿಗೆ ಅಪಾಯ ಇದ್ದದ್ದು ಆ ಕಡೆಯಿಂದಲೇ.

ಗೀರು ಬಿದ್ದರೂ ಓದುತ್ತದಲ್ಲ, ಅದು ಗಣಿತದ ಕೆಲಸ. 1960ರಲ್ಲಿ ಇರ್ವಿಂಗ್ ರೀಡ್, ಗುಸ್ತಾವ್ ಸಾಲೊಮನ್ ಅನ್ನುವ ಇಬ್ಬರು ಒಂದು ಲೆಕ್ಕದ ವಿಧಾನ ಬರೆದರು. ಅಂಕಿಗಳ ಜೊತೆ ಇನ್ನಷ್ಟು ಅಂಕಿ ಸೇರಿಸಿಟ್ಟರೆ, ನಡುವೆ ಕೆಲವು ಕಳೆದುಹೋದರೂ ಉಳಿದವುಗಳಿಂದ ಲೆಕ್ಕ ಹಾಕಿ ಮತ್ತೆ ಪಡೆಯಬಹುದು. ಸಿಡಿಯಲ್ಲಿ ಈ ವಿಧಾನದಿಂದ ಸಾಲಿನ ಉದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರ್ ಅಳಿಸಿಹೋದರೂ ಪೂರ್ತಿ ಸರಿಮಾಡಿಕೊಳ್ಳುತ್ತದೆ. ಡಿಸ್ಕನ್ನು ಸುತ್ತ ಸುತ್ತ ಒರೆಸಬೇಡಿ, ನಡುವಿನಿಂದ ಹೊರಕ್ಕೆ ನೇರ ಒರೆಸಿ ಅನ್ನುವುದು ಇದಕ್ಕೇ. ಸುತ್ತ ಒರೆಸುವಾಗ ಬಿದ್ದ ಗೀರು ಒಂದೇ ಸಾಲನ್ನು ಉದ್ದಕ್ಕೂ ಕೆಡಿಸುತ್ತದೆ. ಅಡ್ಡ ಬಿದ್ದ ಗೀರು ಪ್ರತಿ ಸಾಲಿನಲ್ಲಿ ಒಂದಿಷ್ಟೇ ಕೆಡಿಸುತ್ತದೆ, ಅಷ್ಟನ್ನು ಲೆಕ್ಕ ತುಂಬಿಕೊಡುತ್ತದೆ. ನಮ್ಮ ಅಂಗಡಿಗೆ ಬಂದವರಲ್ಲಿ ಅರ್ಧ ಜನ ಲುಂಗಿ ಅಂಚಿನಲ್ಲಿ ಸುತ್ತ ಸುತ್ತ ಉಜ್ಜಿಕೊಂಡೇ ಬರುತ್ತಿದ್ದರು.

ದೊಡ್ಡಮ್ಮನ ಮಗಳ ಮದುವೆಯ ಮೊದಲ ಟೇಪು, ಅಂದರೆ ಕಾಪಿ ಮಾಡಿಕೊಟ್ಟ ಮೂಲ, ಚಿಕ್ಕಪ್ಪನ ಹತ್ತಿರವೇ ಇತ್ತು. ಯಾರೂ ನೋಡಿರಲಿಲ್ಲ, ಹಾಗಾಗಿ ಚೆನ್ನಾಗಿತ್ತು. ಟೇಪಿನ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಕ್ಯಾಪ್ಚರ್ ಕಾರ್ಡ್ ಹಾಕಿದ ಮೇಲೆ ಅವರು ಮೊದಲು ಮಾಡಿದ ಕೆಲಸ ಅದನ್ನು ಡಿವಿಡಿ ಮಾಡಿದ್ದು. ನಾಂದಿ, ಧಾರೆ, ಊಟ, ಆರತಕ್ಷತೆ ಅಂತ ಮೆನು ಇಟ್ಟರು. ದೊಡ್ಡಮ್ಮನಿಗೆ ಓದು ಬರಹ ಅಷ್ಟಕ್ಕಷ್ಟೇ. ರಿಮೋಟಿನಲ್ಲಿ ಯಾವ ಬಟನ್ ಎಷ್ಟು ಸಲ ಒತ್ತಿದರೆ ಊಟದ ಪಂಕ್ತಿ ಬರುತ್ತದೆ ಅನ್ನುವುದು ಮಾತ್ರ ಬೇಗ ಕಲಿತರು. ಯಾರನ್ನೂ ಕೇಳಬೇಕಾಗಿಲ್ಲ. ದೊಡ್ಡಪ್ಪ ಗಿಂಡಿ ಹಿಡಿದು ಬಂದಾಗ ಪಾಜ್ ಒತ್ತಿ, ಅಡುಗೆಮನೆಗೆ ಹೋಗಿ ಹಾಲು ಇಳಿಸಿ, ಕಾಫಿ ಬೆರೆಸಿಕೊಂಡು ಬಂದು ಕೂರುತ್ತಿದ್ದರು. ನಿಂತ ಚಿತ್ರ ಆಗ ಪ್ಲೇಯರಿನ ಮೆಮೊರಿಯಲ್ಲಿರುತ್ತದೆ, ಡಿಸ್ಕಿಗೆ ಏನೂ ಆಗುವುದಿಲ್ಲ. "ಜಾಸ್ತಿ ಹೊತ್ತು ನಿಲ್ಸಬಾರ್ದು" ಅನ್ನುವುದನ್ನು ಚಿಕ್ಕಪ್ಪ ಬಿಟ್ಟರು.

ಇಷ್ಟೆಲ್ಲ ಹೊಗಳಿದ ಮೇಲೆ ಡಿಸ್ಕಿನ ದೋಷವನ್ನೂ ಹೇಳದೆ ಇದ್ದರೆ ಅನ್ಯಾಯ. ಕಂಪನಿಯಲ್ಲಿ ಅಚ್ಚೊತ್ತಿದ ಡಿಸ್ಕ್ ಬೇರೆ, ಅಂಗಡಿಯಲ್ಲಿ ಬರ್ನ್ ಮಾಡಿದ ಡಿಸ್ಕ್ ಬೇರೆ. ಅಚ್ಚಿನದರಲ್ಲಿ ಗುಳಿಗಳು ಪ್ಲಾಸ್ಟಿಕ್ಕಿನಲ್ಲೇ ಮೂಡಿರುತ್ತವೆ, ಮೇಲೆ ಅಲ್ಯೂಮಿನಿಯಂ ಲೇಪ. ಬರ್ನ್ ಮಾಡುವ ಡಿವಿಡಿ ಆರ್‌ನಲ್ಲಿ ಗುಳಿ ಇರುವುದಿಲ್ಲ. ಒಂದು ಬಣ್ಣದ ಪದರ ಇರುತ್ತದೆ, ಲೇಸರು ಅದನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡುತ್ತದೆ. ಬಣ್ಣ ಅಂದ ಮೇಲೆ ಬಿಸಿಲಿಗೆ, ಕಾವಿಗೆ ಮಾಸುತ್ತದೆ. ಮದುವೆ ಡಿಸ್ಕುಗಳೆಲ್ಲ ಇಂಥವೇ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ನೂರು ನೂರರ ಕಟ್ಟಿನಲ್ಲಿ ತಂದ ಹೆಸರಿಲ್ಲದ ಡಿಸ್ಕುಗಳೂ ಅವುಗಳಲ್ಲಿ ಸೇರಿದ್ದವು.

ನನ್ನ ತಮ್ಮನ ಮದುವೆಯ ಡಿವಿಡಿಗಳನ್ನು ಒಂದು ಸ್ಟುಡಿಯೊದವರು ಕರಿಜ್ಮಾ ಆಲ್ಬಮ್ ಜೊತೆ ಬಣ್ಣದ ಪೆಟ್ಟಿಗೆಯಲ್ಲಿಟ್ಟು ಕೊಟ್ಟಿದ್ದರು. ಮೇಲೆ ಗಂಡುಹೆಣ್ಣಿನ ಫೋಟೊ ಇರುವ ಸ್ಟಿಕ್ಕರ್. ಕೆಲವೇ ವರ್ಷಕ್ಕೆ ಸ್ಟಿಕ್ಕರಿನ ಒಂದು ಬದಿ ಎದ್ದಿತು, ಡಿಸ್ಕ್ ನಡುಗುತ್ತಾ ತಿರುಗತೊಡಗಿತು. ಆಮೇಲೆ ಪ್ಲೇಯರ್ ಅದನ್ನು ಗುರುತಿಸುವುದನ್ನೇ ಬಿಟ್ಟಿತು. ಟೇಪು ಸಾಯುವಾಗ ನಿಧಾನವಾಗಿ ಸಾಯುತ್ತದೆ. ಗೆರೆ ಬರುತ್ತದೆ, ಬಣ್ಣ ಹೋಗುತ್ತದೆ, ಆದರೂ ಮುಖ ಯಾರದು ಅಂತ ಗೊತ್ತಾಗುತ್ತದೆ. ಡಿಸ್ಕ್ ಹಾಗಲ್ಲ. ಲೆಕ್ಕ ತುಂಬಿಕೊಡುವವರೆಗೂ ಚಿತ್ರ ಹೊಸದರಂತೆ ಇರುತ್ತದೆ, ಲೆಕ್ಕ ಸೋತ ದಿನ ಏನೂ ಇಲ್ಲ. ಕ್ಯಾಸೆಟ್ ಪ್ರಿಯರು ಈ ಮಾತು ಎತ್ತಿದಾಗ ನಾನು ತಲೆ ಆಡಿಸುತ್ತೇನೆ.

ಆದರೂ ನನ್ನ ತೀರ್ಪು ಬದಲಾಗುವುದಿಲ್ಲ. ಡಿಸ್ಕಿನ ಮೇಲಿರುವುದು ಅಂಕಿ. ಅಂಕಿಯನ್ನು ಕಾಪಿ ಮಾಡಿದರೆ ಅದೇ ಅಂಕಿ ಬರುತ್ತದೆ. ಹತ್ತನೇ ಕಾಪಿಗೂ ಮೊದಲನೆಯದಕ್ಕೂ ಭೇದ ಇಲ್ಲ. 16 ಪಟ್ಟು ವೇಗದ ಬರ್ನರಿನಲ್ಲಿ ಒಂದು ಡಿವಿಡಿಗೆ ಆರೇಳು ನಿಮಿಷ. ಹತ್ತಿರದ ನೆಂಟರಿಗೆ, ದೂರದ ನೆಂಟರಿಗೆ ಎಲ್ಲರಿಗೂ ಒಂದೇ ಚಿತ್ರ. ತಮ್ಮನ ಮದುವೆ ಅವನ ಮನೆಯಲ್ಲಿ ಸತ್ತರೂ ಅವನ ಹೆಂಡತಿಯ ತವರಿನಲ್ಲಿ ಬದುಕಿತ್ತು. ಅಲ್ಲಿನ ಡಿಸ್ಕಿಗೆ ಸ್ಟಿಕ್ಕರ್ ಹಚ್ಚಿರಲಿಲ್ಲ. ಅದರಿಂದ ಮತ್ತೆ ಮಾಡಿಕೊಂಡೆವು. ಕಾಪಿ ಅಂತ ಹೇಳುವುದಕ್ಕೆ ಅದರಲ್ಲಿ ಒಂದು ಚುಕ್ಕಿಯಷ್ಟೂ ಗುರುತಿಲ್ಲ.

ಟೇಪಿಗೂ ಅದರದೇ ಮರ್ಯಾದೆ ಇದೆ ಅನ್ನಿ. ದೊಡ್ಡ ಕಂಪನಿಗಳು ಇವತ್ತಿಗೂ ಕಂಪ್ಯೂಟರ್ ಮಾಹಿತಿಯನ್ನು ಮ್ಯಾಗ್ನೆಟಿಕ್ ಟೇಪಿನಲ್ಲೇ ಇಡುತ್ತವೆ. ಎಲ್‌ಟಿಒ 9 ಅನ್ನುವ ಒಂದು ಕ್ಯಾಸೆಟ್ಟಿನಲ್ಲಿ 18 ಟೆರಾಬೈಟ್ ಹಿಡಿಯುತ್ತದೆ. ಅದರಲ್ಲಿರುವುದೂ ಅಂಕಿಯೇ, ತಂಪಾದ ಕೋಣೆಯಲ್ಲಿ ಇಟ್ಟಿರುತ್ತಾರೆ, ಓದುವುದು ಅಪರೂಪ. ನೋಡದೆ ಇಡುವುದಕ್ಕೆ ಟೇಪು ಬಹಳ ಒಳ್ಳೆಯದು. ಮದುವೆ ವಿಡಿಯೊ ನೋಡದೆ ಇಡುವುದಕ್ಕಾ?

ಲೈಬ್ರರಿ ಹೋದರೂ ಚಿಕ್ಕಪ್ಪನ ಹಿಂದಿನ ಕೋಣೆ ಈಗಲೂ ಇದೆ. ಕ್ಯಾಸೆಟ್ ತಂದವರಿಗೆ ಹಾರ್ಡ್ ಡಿಸ್ಕಿಗೆ ಹಾಕಿಕೊಡುತ್ತಾರೆ. ಪೆಟ್ಟಿಗೆ ತುಂಬ ಹಳೆಯದನ್ನು ತಂದರೆ ಅವರದು ಒಂದು ಕ್ರಮ ಇದೆ. ಮೊದಲು ಟೇಪು. ಏಕೆಂದರೆ ಟೇಪಿಗಿಂತ ಮೊದಲು ಅದನ್ನು ಓಡಿಸುವ ಮೆಷಿನ್ ಇಲ್ಲವಾಗುತ್ತದೆ. ಕೊನೆಗೆ ಉಳಿದಿದ್ದ ಜಪಾನಿನ ಫುನಾಯ್ ಕಂಪನಿ ವಿಸಿಆರ್ ಮಾಡುವುದನ್ನು 2016ರ ಜುಲೈನಲ್ಲಿ ನಿಲ್ಲಿಸಿತು. ಚಿಕ್ಕಪ್ಪನ ಹತ್ತಿರ ಇರುವ ಮೆಷಿನ್ನುಗಳು ನಾಲ್ಕು ಮೆಷಿನ್ನಿನ ಬಿಡಿಭಾಗ ಸೇರಿಸಿ ಮಾಡಿಕೊಂಡವು. ಎರಡನೆಯದು ಬರ್ನ್ ಮಾಡಿದ ಡಿಸ್ಕ್. ಅದರೊಳಗಿನ ಫೈಲುಗಳನ್ನು ಇದ್ದ ಹಾಗೇ ಎತ್ತಿ ಹಾರ್ಡ್ ಡಿಸ್ಕಿಗೆ ಹಾಕಿದರೆ ಸಾಕು. ಜಾಗ ಉಳಿಸುತ್ತೇನೆ ಅಂತ ಮತ್ತೆ ಕುಗ್ಗಿಸುವವರಿಗೆ ಕೊಡಬೇಡಿ. ಟೇಪಿನ ಕಾಪಿಯಲ್ಲಿ ಹೋಗುತ್ತಿದ್ದದ್ದೇ ಅಲ್ಲಿ ಬೇರೆ ದಾರಿಯಲ್ಲಿ ಹೋಗುತ್ತದೆ. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕುಗಳಿಗೆ ಅವಸರವಿಲ್ಲ.

ಕ್ಯಾಸೆಟ್ ತರುತ್ತೇವೆ ಅಂತ ಫೋನ್ ಮಾಡಿದವರಿಗೆಲ್ಲ ಚಿಕ್ಕಪ್ಪ ಒಂದೇ ಮಾತು ಹೇಳುತ್ತಾರೆ. "ಸರಿಯಾಗಿದೆಯಾ ಅಂತ ಮನೇಲಿ ಒಂದ್ಸಲ ಹಾಕಿ ನೋಡಿ ಬರ್ಬೇಡಿ. ಹಾಗೇ ತನ್ನಿ."